ಹೆಸರಿಲ್ಲದ ಕರೆ

ಡಾಕ್ಟರ್ ಕುಂಥುನಾಥ ಮಗದುಮ್ ಅವರು ಎದುರಿಗೆ ಬಂದವರ ಮುಖ ನೋಡುವುದಿಲ್ಲ, ತಲೆ ನೋಡುತ್ತಾರೆ. ಮೊದಲ ಸಲ ಕಂಡವರಿಗೆ ಇದು ಸೊಕ್ಕೆನಿಸುತ್ತದೆ, ಎರಡನೆಯ ಸಲ ಮರುಳೆನಿಸುತ್ತದೆ, ಆಮೇಲೆ ಅಭ್ಯಾಸವಾಗಿ ಅವರ ಮುಂದೆ ನಿಲ್ಲುವ ಮೊದಲು ಕೂದಲು ಸರಿಮಾಡಿಕೊಳ್ಳುವ ಚಾಳಿ ನಮಗೇ ಹತ್ತಿಕೊಳ್ಳುತ್ತದೆ. ನಮಸ್ಕಾರ ಮಾಡಿದರೆ ಅವರ ದೃಷ್ಟಿ ನಮ್ಮ ಹಣೆಯಿಂದ ಮೇಲೇರಿ, ನೆತ್ತಿಯ ಮೇಲೊಂದು ಸುತ್ತು ಹಾಕಿ, ಕಿವಿಯ ಹಿಂದಿನ ಎಲುಬಿನ ತನಕ ಇಳಿದು, ಅಲ್ಲಿಂದ ಮರಳಿ ಬರುವಷ್ಟರಲ್ಲಿ ನಮ್ಮ ಕುಶಲೋಪರಿ ಮುಗಿದೇಹೋಗಿರುತ್ತದೆ. ಕೊಲ್ಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ನಾನು ಟೊಪ್ಪಿಗೆ ಹಾಕಿಕೊಂಡು ಎದುರಾದೆ. ಗುರುತೇ ಹಿಡಿಯಲಿಲ್ಲ ಪುಣ್ಯಾತ್ಮ. ಟೊಪ್ಪಿಗೆ ತೆಗೆದೆ. "ಓ, ನೀವೇನ್ರಿ" ಎಂದರು. ಮನುಷ್ಯನ ಮುಖದ ಮೇಲೆ ಇಷ್ಟು ಅಪನಂಬಿಕೆ ಇಟ್ಟುಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರ ವಿದ್ಯೆಯೇ ಅಂಥದು. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರು, ಕಂಪವಾತದಿಂದ ಮುಖ ಬಿಗಿದು ನಗಲಾರದೆ ಹೋದವರು, ವಿಷಣ್ಣತೆಯ ಕಾಯಿಲೆಗೆ ಬಿದ್ದು ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಹೆಣ ಬಿದ್ದರೂ ಒಂದೇ ಎಂಬಂತೆ ಕೂತವರು, ಇಂಥವರ ಒಳಗೆ ಭಾವನೆ ಉಳಿದಿದೆಯೋ ಇಲ್ಲವೋ, ಉಳಿದಿದ್ದರೆ ಅದು ಯಾವುದಕ್ಕೆ ಮಿಡಿಯುತ್ತದೆ ಎಂಬುದನ್ನು ಮಿದುಳಿನ ವಿದ್ಯುತ್ತಿನಿಂದ ಅಳೆಯುವುದು ಅವರ ಕಸುಬು. ತಲೆಯ ತುಂಬ ಸಣ್ಣ ಸಣ್ಣ ಲೋಹದ ಬಿಲ್ಲೆಗಳನ್ನು ಅಂಟಿಸಿ, ವಾಯರುಗಳನ್ನು ಯಂತ್ರಕ್ಕೆ ಜೋಡಿಸಿ, ಕಣ್ಣಿಗೆ ಚಿತ್ರ ತೋರಿಸುತ್ತಾರೆ, ಕಿವಿಗೆ ದನಿ ಕೇಳಿಸುತ್ತಾರೆ, ಪರದೆಯ ಮೇಲೆ ಓಡುವ ಗೆರೆಗಳು ಯಾವಾಗ ಉಬ್ಬಿದವು, ಯಾವಾಗ ಸುಮ್ಮನಿದ್ದವು ಎಂದು ನೋಡುತ್ತಾರೆ. ಕೊಲ್ಹಾಪುರದ ರಾಜಾರಾಮಪುರಿಯ ಓಣಿಯೊಂದರ ಮಹಡಿಯ ಮೇಲೆ ಎರಡು ಕೋಣೆ. ಮುಂದಿನದು ದವಾಖಾನೆ, ಹಿಂದಿನದು ಅವರ ಸಂಸಾರ. ಸಂಸಾರವೆಂದರೆ ಒಂದು ಮಂಚ, ಒಂದು ಸ್ಟೋವು, ತೀರ್ಥಂಕರರ ಒಂದು ಪಟ.

ಕುರುಂದವಾಡದ ಜೈನ ಒಕ್ಕಲು ಮನೆತನದವರು, ಅರವತ್ತರ ಆಸುಪಾಸಿನವರು. ಹೊಳೆದಂಡೆಯ ಊರಿನವರಾದರೂ ಅವರ ನಡಿಗೆಯಲ್ಲಿ ಹೊಲದ ಮನುಷ್ಯನ ಧಾಟಿಯಿಲ್ಲ. ನೆಲ ಸ್ವಲ್ಪ ಅದುರಿದರೂ ಯಂತ್ರದ ಗೆರೆ ಕೆಡುತ್ತದೆಂದು ವರ್ಷಗಟ್ಟಲೆ ಕೋಣೆಯಲ್ಲಿ ಹಿಮ್ಮಡಿ ಊರದೆ ತಿರುಗಾಡಿ, ಕೊನೆಗೆ ಆ ನಡಿಗೆಯೇ ಮೈಗೆ ಹತ್ತಿ, ಶಿರೋಳಿಯ ಫೌಂಡ್ರಿಗಳಿಂದ ಬರುವ ಟ್ರಕ್ಕುಗಳ ನಡುವೆಯೂ ಅವರು ಕೂಸು ಮಲಗಿದ ಮನೆಯಲ್ಲಿ ಅಡ್ಡಾಡುವವರಂತೆ ಮೆಲ್ಲಗೆ ಹೆಜ್ಜೆಯಿಡುತ್ತಾರೆ. ಹಿಂದಿನವರು ಹಾರ್ನು ಬಡಿದು ಬಡಿದು ಸಾಯುತ್ತಾರೆ, ಇವರಿಗೆ ಖಬರಿಲ್ಲ. ಕೋಟೊಂದಿದೆ, ಒಂದು ಕಾಲಕ್ಕೆ ಬಿಳಿಯದು. ಬಿಲ್ಲೆ ಅಂಟಿಸುವ ಪೇಸ್ಟು ಅದರ ತೋಳಂಚಿಗೆ ಒಣಗಿ ಒಣಗಿ ಗಟ್ಟಿಯಾಗಿದೆ. ಮದುವೆ ಮನೆಗೂ ಅದೇ, ಮಸಣಕ್ಕೂ ಅದೇ. ಮದುವೆ ಮನೆಗೆ ಹೋಗುವುದು ಅಪರೂಪವೆನ್ನಿ. ರೋಗಿಗಳು ಕೊಟ್ಟ ಲಗ್ನಪತ್ರಿಕೆಗಳನ್ನೆಲ್ಲ ಕಿಟಕಿಯಲ್ಲಿ ಒಪ್ಪವಾಗಿ ಜೋಡಿಸಿ, ದಿನ ಕಳೆದ ಮೇಲೆ ಒಂದೊಂದಾಗಿ ತೆಗೆಯುತ್ತಾರೆ.

ಅವರ ಇನ್ನೊಂದು ಹಟ ನೋಡಬೇಕು. ಕೂದಲಿಗೆ ಎಣ್ಣೆಯಿದ್ದರೆ ಬಿಲ್ಲೆ ಹಿಡಿಯುವುದಿಲ್ಲ. ನಮ್ಮ ಮಂದಿಯೋ ದೊಡ್ಡ ಡಾಕ್ಟರ ಹತ್ತಿರ ಹೋಗುವುದೆಂದರೆ ಕೊಬ್ಬರಿ ಎಣ್ಣೆ ಸುರಿದು, ಬೈತಲೆ ತೆಗೆದು, ಹೂ ಮುಡಿದು ಹೊರಡುವವರು. ಬೇರೆ ಕಡೆಯಾದರೆ ಬೈದು ನಾಳೆ ಬಾ ಎಂದು ಅಟ್ಟುತ್ತಾರೆ. ಇವರು ಮಾತಾಡದೆ ಕೋಟಿನ ತೋಳು ಏರಿಸಿ, ನೀರು ಕಾಸಿ, ತಾವೇ ತಲೆ ತೊಳೆಯುತ್ತಾರೆ. ಹಾತಕಣಂಗಲೆಯ ಯಮುನಾಬಾಯಿ ಎಂಬ ಮುದುಕಿ, ಕಂಪವಾತದವಳು, ಇವರು ನೀರು ಹೊಯ್ಯುವಾಗ ಗಟ್ಟಿ ಕಣ್ಣು ಮುಚ್ಚಿಕೊಂಡು ಕೂತಿದ್ದಳಂತೆ. ತನ್ನ ಅವ್ವ ಹೋದ ಮೇಲೆ ಇನ್ನೊಬ್ಬರ ಕೈ ತನ್ನ ನೆತ್ತಿ ಮುಟ್ಟಿದ್ದು ಇದೇ ಮೊದಲೆಂದು ಆಕೆ ಹೇಳಿದಳೆಂದು ನನಗೆ ಹೇಳುವಾಗ ಡಾಕ್ಟರು ನನ್ನ ತಲೆಯನ್ನೂ ನೋಡದೆ ಗೋಡೆ ನೋಡುತ್ತಿದ್ದರು. ಆಕೆಯ ನೆತ್ತಿಯೇನೋ ಸರಿ, ಇವರ ನೆತ್ತಿಯ ವಿಚಾರ ಕೇಳುವ ಧೈರ್ಯ ನನಗಾಗಲಿಲ್ಲ.

ನನಗೂ ಅವರಿಗೂ ಗಂಟು ಬಿದ್ದದ್ದು ನನ್ನ ತಲೆನೋವಿನಿಂದ. ಇಚಲಕರಂಜಿಯಲ್ಲಿ ನನ್ನದು ನೂಲಿನ ಅಂಗಡಿ. ಬಿಡುವಿನಲ್ಲಿ ನಾಲ್ಕಕ್ಷರ ಗೀಚುವ ಹುಚ್ಚೂ ಇದೆ. ತಲೆ ಪರೀಕ್ಷಿಸಿ, ಏನೂ ಇಲ್ಲ ಎಂದರು. ಎಂದವರು ಬಿಡಬೇಕಲ್ಲ. ರೋಗಿಗಳೊಡನೆ ಹೋಲಿಸಿ ನೋಡಲು ತಮಗೆ ಒಬ್ಬ ನಾರ್ಮಲ್ ಮನುಷ್ಯ ಬೇಕಾಗಿದ್ದಾನೆ, ನೀವು ಆಗಾಗ ಬಂದು ಕೂಡುತ್ತೀರೇನು ಎಂದು ಕೇಳಿದರು. ಐವತ್ತು ದಾಟಿದ ನನ್ನನ್ನು ನಾರ್ಮಲ್ ಎಂದು ಕರೆದ ಮೊದಲನೆಯವರು ಅವರೇ, ಹೀಗಾಗಿ ಕಕ್ಕುಲಾತಿಯಿಂದ ಒಪ್ಪಿಬಿಟ್ಟೆ. ಹೆಂಡತಿ ಸುದ್ದಿ ಕೇಳಿ, ಪಾಪ ಡಾಕ್ಟರಿಗೆ ಬೇರೆ ಯಾರೂ ಸಿಗಲಿಲ್ಲವೇನೋ ಎಂದಳು.

ಅಲ್ಲಿ ಕೂತು ನಾನು ಅವರ ಒಂಟಿ ಸಾಹಸವನ್ನು ಕಣ್ಣಾರೆ ಕಂಡೆ. ಮೊದಲು ಅವರಲ್ಲಿದ್ದದ್ದು ಹೊರದೇಶದಿಂದ ತರಿಸಿದ ಚಿತ್ರಗಳು: ಹಿಮ ಬಿದ್ದ ಸ್ಮಶಾನ, ಬಂದೂಕು, ಮೇಣದಬತ್ತಿ ಹಚ್ಚಿದ ಕೇಕು. ನಮ್ಮ ಮಂದಿಯ ಗೆರೆ ಇವಕ್ಕೆಲ್ಲ ಕದಲುತ್ತಿರಲಿಲ್ಲ. ಹಿಮ ಕಂಡವರಾರು ಇಲ್ಲಿ? ಆಗ ಡಾಕ್ಟರು ರೆಕಾರ್ಡರು ಹೆಗಲಿಗೆ ಹಾಕಿಕೊಂಡು ತಾಲೂಕು ತಾಲೂಕು ಸುತ್ತಿ ಇಲ್ಲಿಯವರ ಎದೆಗೆ ತಾಗುವ ಸದ್ದುಗಳನ್ನು ಕೂಡಿಹಾಕಿದರು. ಪಂಚಗಂಗೆಗೆ ನೀರೇರಿದಾಗ ಓಣಿ ಖಾಲಿ ಮಾಡಿರೆಂದು ಸಾರುತ್ತ ಬರುವ ರಿಕ್ಷಾದ ಭೋಂಗಾ, ಕಬ್ಬಿನ ಗಾಡಿಯ ಎತ್ತಿನ ಗೆಜ್ಜೆ, ಗಾಣದ ಮನೆಯಲ್ಲಿ ಬೆಲ್ಲದ ಪಾಕ ಕುದಿಯುವ ಸಪ್ಪಳ. ನಮ್ಮೂರಿನ ಮಗ್ಗದ ಸದ್ದನ್ನೂ ಹಿಡಿದುಕೊಂಡು ಹೋದರು. ಇಚಲಕರಂಜಿಯವರ ಮಿದುಳು ಅದಕ್ಕೆ ಕ್ಯಾರೇ ಅನ್ನಲಿಲ್ಲ, ಆದರೆ ಆ ಸದ್ದು ನಡುವೆ ಗಕ್ಕನೆ ನಿಂತಾಗ ಗೆರೆ ಜಿಗಿಯಿತು. ನನ್ನ ಗೆರೆ ಜಿಗಿದದ್ದು ಯಾವುದಕ್ಕೆ ಗೊತ್ತೇ, ಅಂಗಡಿಯ ಶಟರ್ ಇಳಿಯುವ ಸದ್ದಿಗೆ. ಹಾಡುಹಗಲು ಶಟರ್ ಇಳಿಯಿತೆಂದರೆ ಪೇಟೆಯಲ್ಲಿ ಯಾರೋ ತೀರಿಕೊಂಡರೆಂದು ಅರ್ಥ. ಮೊಮ್ಮಗಳು ನಗುವ ಸದ್ದಿಗಿಂತ ಅದಕ್ಕೇ ನನ್ನ ತಲೆ ಹೆಚ್ಚು ಮಿಡಿಯಿತೆಂದು ತಿಳಿದ ಮೇಲೆ ಮನೆಯಲ್ಲಿ ನನ್ನ ಮರ್ಯಾದೆ ಮೂರುಕಾಸಿನದಾಯಿತು.

ಆದರೆ ಇಷ್ಟೆಲ್ಲ ಮಾಡುವ ಮನುಷ್ಯ, ಫಲ ಹೇಳುವ ಹೊತ್ತಿಗೆ ಮಹಾ ಜಿಪುಣ. ನಮ್ಮಪ್ಪನಿಗೆ ನಮ್ಮ ಮೇಲೆ ಮಾಯೆ ಉಳಿದಿದೆಯೇ ಎಂದು ಮಕ್ಕಳು ಕೇಳುತ್ತಾರೆ. "ಗೆರಿ ಇಷ್ಟು ಹೇಳತೈತ್ರಿ, ಮುಂದಿಂದು ಅದಕ್ಕ ಗೊತ್ತಿಲ್ಲ, ನನಗೂ ಗೊತ್ತಿಲ್ಲ" ಎಂಬುದೊಂದೇ ಉತ್ತರ. ಅಳುವವರ ಸಮಾಧಾನಕ್ಕಾದರೂ ಒಂದು ಸುಳ್ಳು ಹೇಳಬಾರದೇ ಎಂದು ನಾನು ಜಗಳ ತೆಗೆದದ್ದುಂಟು. ಒಂದು ಸುಳ್ಳು ಹೇಳಿದರೆ ಆಮೇಲೆ ತಾನು ಹೇಳುವ ನಿಜವನ್ನು ಯಾರು ನಂಬಬೇಕು ಎಂದು ಅವರು ತಣ್ಣಗೆ ಕೇಳಿದರು. ಇದರಿಂದಾಗಿ ಅವರಲ್ಲಿಗೆ ಬಂದವರಲ್ಲಿ ಸಂತೋಷದಿಂದ ಹೋದವರು ಕಡಿಮೆ, ಮರಳಿ ಬಂದು ಮಾತಾಡಿಸಿದವರು ಇನ್ನೂ ಕಡಿಮೆ. ಹೊತ್ತು ಮುಳುಗುವ ಮುನ್ನ ಉಣ್ಣುವ ಜೈನರ ನೇಮ ಅವರದು; ಬಿಸಿಲು ಕಿಟಕಿಯಿಂದ ಸರಿಯುತ್ತಿರುವಾಗ ಎರಡು ರೊಟ್ಟಿ ಮುಂದಿಟ್ಟುಕೊಂಡು, ಪಟದ ಕಡೆಗೆ ಮುಖ ಮಾಡಿ ಅವರು ಊಟಕ್ಕೆ ಕೂತದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಲಗ್ನ ಯಾಕೆ ಆಗಲಿಲ್ಲ ಎಂದು ಒಮ್ಮೆ ಕೇಳಿದ್ದೆ. ಓದು ಮುಗಿಯಲಿ ಎಂದುಕೊಂಡೆ, ಮುಗಿಯುವಷ್ಟರಲ್ಲಿ ಕೇಳುವವರೇ ಉಳಿಯಲಿಲ್ಲ ಎಂದರು. ತಾಯಿ ಇವರ ಎಳೆಯ ವಯಸ್ಸಿನಲ್ಲೇ ಹೋದವಳು. ಬೆಳೆದದ್ದು ಬೋರ್ಡಿಂಗಿನಲ್ಲಿ, ಗಂಡಸರ ನಡುವೆ.

ಇಂಥವರ ಕೈಗೆ ನಾನು ನನ್ನ ತಂಗಿಯ ಗಂಡನನ್ನು ತಂದೊಪ್ಪಿಸಿದೆ. ತಂಗಿ ಬಾಳವ್ವ ನನ್ನ ಚಿಕ್ಕಮ್ಮನ ಮಗಳು, ಕೊಟ್ಟದ್ದು ಗಡಹಿಂಗ್ಲಜಕ್ಕೆ. ಗಂಡ ಭೀಮಗೊಂಡರು ಮೆಣಸಿನಕಾಯಿ ವ್ಯಾಪಾರಿ. ಹರಾಜಿನಲ್ಲಿ ಸವಾಲು ಕೂಗಿದರೆ ಪೇಟೆಯ ಆ ತುದಿಗೆ ಕೇಳುತ್ತಿತ್ತು. ಹೋದ ವರ್ಷ ಮಿದುಳಿನಲ್ಲಿ ರಕ್ತಸ್ರಾವವಾಗಿ ದವಾಖಾನೆ ಸೇರಿದವರು ಬದುಕಿಯೇನೋ ಬಂದರು, ಆದರೆ ಮಾತಿಲ್ಲ, ನಗೆಯಿಲ್ಲ, ಸಿಟ್ಟೂ ಇಲ್ಲ. ಕಣ್ಣುಗಳು ತೆರೆದಿರುತ್ತವೆ, ಬಾಯಿಗಿಟ್ಟದ್ದನ್ನು ನುಂಗುತ್ತಾರೆ, ಅಷ್ಟೇ. ಅವರ ತಮ್ಮ ಸಿದ್ರಾಮ ಕೆಟ್ಟವನಲ್ಲ. ಅಣ್ಣನನ್ನು ಎತ್ತಿ ಹೊರಳಿಸಿ ಸ್ನಾನ ಮಾಡಿಸಿ ಅವನ ಬೆನ್ನೇ ಬಿದ್ದುಹೋಗಿತ್ತು. ಯಾರ ಗುರುತೂ ಇಲ್ಲದ ಜೀವವನ್ನು ಮನೆಯಲ್ಲಿಟ್ಟು ಎಲ್ಲರೂ ಸವೆಯುವುದೇಕೆ, ಕೊಲ್ಹಾಪುರದ ಹೊರಗಿನ ಆರೈಕೆ ಕೇಂದ್ರದಲ್ಲಿ ಬಿಡೋಣ ಎಂಬುದು ಅವನ ಮಾತು. ನನ್ನ ಗುರುತಿದೆ ಎಂಬುದು ಬಾಳವ್ವನ ಮಾತು. ವೈನಿ ಮೈದುನರ ನಡುವೆ ಈ ಮಾತು ಬೆಳೆದು ಬೆಳೆದು ಒಬ್ಬರ ಮುಖ ಒಬ್ಬರು ನೋಡದಂತಾದಾಗ ನಾನು ಮಗದುಮ್ ಡಾಕ್ಟರ ಹೆಸರು ಹೇಳಿದೆ. ಅವರು ಏನು ಹೇಳುತ್ತಾರೋ ಅದೇ ಆಗಲಿ ಎಂದು ಇಬ್ಬರೂ ಒಪ್ಪಿದರು.

ಪರೀಕ್ಷೆ ಸರಳವಾದದ್ದು. ಮಿದುಳು ಎಷ್ಟು ಕಂಗೆಟ್ಟಿದ್ದರೂ ತನ್ನ ಹೆಸರಿಗೆ ಎಚ್ಚರಗೊಳ್ಳುತ್ತದೆ; ಅದೇ ಹೆಸರನ್ನು ತನ್ನವರ ದನಿಯಲ್ಲಿ ಕೇಳಿದರೆ ಬೇರೆಯೇ ರೀತಿ ಉಬ್ಬುತ್ತದೆ. ಆದ್ದರಿಂದ ಒಮ್ಮೆ ಅಪರಿಚಿತ ಹೆಂಗಸಿನ ದನಿ, ಒಮ್ಮೆ ಹೆಂಡತಿಯ ದನಿ, ಎರಡರಲ್ಲೂ "ಭೀಮಗೊಂಡ" ಎಂಬ ಒಂದೇ ಕೂಗು. ಪಕ್ಕದ ಕೋಣೆಯಲ್ಲಿ ಬಾಳವ್ವನ ಮುಂದೆ ಮೈಕು ಹಿಡಿದರು. ಆಕೆ ನೀರು ಕುಡಿದಳು, ಸೆರಗು ಹೊದ್ದುಕೊಂಡಳು, ನನ್ನ ಕಡೆ ನೋಡಿದಳು, ಗೋಡೆಗೆ ಮುಖ ಮಾಡಿ ಕೋರ್ಟಿನ ಜವಾನ ಕೂಗಿದ ಹಾಗೆ ಗಂಡನ ಹೆಸರು ಹೇಳಿದಳು. ಹೇಳಿದ್ದೇ ಎರಡೂ ಗಲ್ಲ ಬಡಿದುಕೊಂಡಳು. ಮೈಕಿಗೆ ಅಂಜಿದ್ದಾಳೆಂದುಕೊಂಡೆವು. ಒಳಗೆ ಭೀಮಗೊಂಡರ ಕಿವಿಗೆ ಎರಡೂ ದನಿಗಳನ್ನು ಅದಲುಬದಲು ಮಾಡಿ ಕೇಳಿಸಿದರು. ಡಾಕ್ಟರು ಗೆರೆಗಳ ಮುಂದೆ ಬಹಳ ಹೊತ್ತು ಕೂತು, ಹೊರಗೆ ಬಂದು, ಬಾಳವ್ವನ ಬೈತಲೆ ನೋಡುತ್ತ ಹೇಳಿದರು:

"ಹೆಸರು ಕೇಳಸೈತ್ರಿ ಅವರಿಗೆ. ಆದ್ರ ನಿಮ್ಮ ದನಿಗೂ ಪರಾಯಿ ದನಿಗೂ ಅವರ ತಲ್ಯಾಗ ಫರಕ್ ಇಲ್ಲ."

ಬಾಳವ್ವ ಅಳಲಿಲ್ಲ. ಆತ್ರಿ ಎಂದಳು. ಗಂಡನ ಶಾಲು ಸರಿಮಾಡಿದಳು. ಮನೆಗೆ ಹೋದವಳೇ ಗಂಡನ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬತೊಡಗಿದಳೆಂದು ಸಿದ್ರಾಮನೇ ಫೋನು ಮಾಡಿ ಹೇಳಿದ. ಗೆದ್ದವನ ದನಿಯಲ್ಲ ಅದು. ಸೋಮವಾರ ಕರೆದುಕೊಂಡು ಹೋಗುವುದೆಂದು ನಿಕ್ಕಿಯಾಯಿತು. ನನಗೆ ಡಾಕ್ಟರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ಇದ್ದದ್ದನ್ನು ಹೇಳಿದರೆಂಬುದಕ್ಕೇ ಬಂದಿತ್ತು.

ಆ ಶನಿವಾರ ಅವರು ಯಾವುದೋ ಸದ್ದು ಹಿಡಿಯಲು ಇಚಲಕರಂಜಿಗೆ ಬಂದರು. ಸಿಟ್ಟಿದ್ದರೂ ಮನೆಗೆ ಬಂದವರನ್ನು ಉಪವಾಸ ಕಳಿಸುವುದುಂಟೇ? ಹೆಂಡತಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಮುಟ್ಟದೆ ಬೇರೆ ಅಡಿಗೆ ಮಾಡಿದ್ದಳು. ನಾವಿಬ್ಬರೂ ಉಣ್ಣುತ್ತ ಕೂತಿದ್ದೆವು. ಒಳಗಿನಿಂದ ಅವಳು, "ರೀ, ಮಜ್ಜಿಗಿ ತರಲೇನ್ರಿ" ಎಂದಳು. ಬೇಡ ಎಂದೆ. ಡಾಕ್ಟರ ಕೈಯ ತುತ್ತು ಅಲ್ಲೇ ನಿಂತಿತು. ಅವಳನ್ನು ಹೊರಗೆ ಕರೆದು, ಈಗ ಯಾರನ್ನು ಕೇಳಿದಿರಿ ಎಂದರು. ಇವರನ್ನೇ ಎಂದಳು. ಇಬ್ಬರು ಕೂತಿದ್ದೇವೆ, ಹೆಸರು ಹೇಳದಿದ್ದರೂ ಇವರಿಗೆ ಹೇಗೆ ತಿಳಿಯಿತು ಎಂದರು.

ಅವಳಿಗೆ ನಗೆ ಬಂತು. ಬಾಯಿಗೆ ಸೆರಗು ಹಿಡಿದು, "ಲಗ್ನ ಆದಾಗಿಂದ ಹಿಂಗ ಕರಿಯೂದ್ರಿ. ಹೆಸರು ಹಿಡದ್ರ ಇವರು, ಯಾರೋ ಬ್ಯಾರೇದವರು ಬಂದಾರಂತ ಎದ್ದು ಬಾಗಿಲಕ್ಕ ಹೋದಾರು" ಎಂದಳು.

ಡಾಕ್ಟರು ನನ್ನತ್ತ ತಿರುಗಿದರು. ಬಾಳವ್ವ ಗಂಡನ ಹೆಸರನ್ನು ಯಾವತ್ತಾದರೂ ಹೇಳಿದ್ದಿದೆಯೇ? ಮದುವೆಯಲ್ಲಿ ಹೆಂಗಸರೆಲ್ಲ ಗಂಟುಬಿದ್ದಾಗ ಒಗಟಿನಂಥ ಒಡಪು ಕಟ್ಟಿ ಹೇಳಿರಬೇಕು, ಅದರಾಚೆ ಇಲ್ಲ ಎಂದೆ. ನಮ್ಮಲ್ಲಿ ಯಾವ ಹೆಂಗಸು ಗಂಡನ ಹೆಸರು ಹೇಳುತ್ತಾಳೆ? ಮರಾಠಿ ಮನೆಗಳಲ್ಲಿ 'ಅಹೋ', ನಮ್ಮಲ್ಲಿ 'ರೀ'. ಉಸಿರಾಡುವ ಗಾಳಿಯಂತೆ ಇದ್ದದ್ದರಿಂದ ಅಂದು ಆ ಕೋಣೆಯಲ್ಲಿ ನಮ್ಮಲ್ಲೊಬ್ಬರಿಗೂ ಇದು ಹೊಳೆದಿರಲಿಲ್ಲ. ಡಾಕ್ಟರು ಕೈಯ ತುತ್ತನ್ನು ತಟ್ಟೆಗೆ ಇಳಿಸಿದರು.

"ನಾ ಆ ಮನಶ್ಯಾಗ ಎರಡು ಪರಾಯಿ ದನಿ ಕೇಳಸೀನ್ರಿ" ಎಂದರು.

ಒಂದು ಅಗುಳನ್ನೂ ತಟ್ಟೆಯಲ್ಲಿ ಬಿಡದ ಮನುಷ್ಯ ಅರ್ಧ ಊಟಕ್ಕೆ ಎದ್ದುಬಿಟ್ಟರು. ಎದ್ದು ಕೈತೊಳೆದು ಅಂಗಳದಲ್ಲಿ ನಿಂತು, ತಮ್ಮ ತಾಯಿ ತಂದೆಯನ್ನು ಏನೆಂದು ಕರೆಯುತ್ತಿದ್ದಳೋ ತಮಗೆ ನೆನಪೇ ಇಲ್ಲ, ಇದ್ದಿದ್ದರೆ ಈ ತಪ್ಪಾಗುತ್ತಿರಲಿಲ್ಲ ಎಂದರು. ನಾಚಿಕೆಯೋ ದುಃಖವೋ ನನಗೆ ತಿಳಿಯಲಿಲ್ಲ. ನನ್ನ ಸಿಟ್ಟು ಮಾತ್ರ ಎಲ್ಲಿ ಹೋಯಿತೋ ಹೋಯಿತು. ಹೊರಡುವ ಮೊದಲು, ಬಾಳವ್ವ ಗಂಡನನ್ನು ದಿನಾ ಏನೆಂದು ಕೂಗುತ್ತಿದ್ದಳೆಂದು ನನ್ನನ್ನು ಕೇಳಿ, ಅದೇ ಮಾತನ್ನು ನನ್ನ ಹೆಂಡತಿಯ ದನಿಯಲ್ಲಿ ರೆಕಾರ್ಡ್ ಮಾಡಿಕೊಂಡರು: "ರೀ, ಚಾ ಆರಾಕತ್ತೈತಿ ನೋಡ್ರಿ." ಹೋಲಿಕೆಗೆ ಪರಾಯಿ ದನಿಯೊಂದು ಬೇಕಲ್ಲ, ಅದಕ್ಕೆ; ಭೀಮಗೊಂಡರ ಮುಂದೆ ಅವಳು ಎಂದೂ ಬಾಯಿ ತೆರೆದವಳಲ್ಲ.

ಮರುದಿನ ನಾವಿಬ್ಬರೂ ಬಸ್ಸಿನಲ್ಲಿ ಗಡಹಿಂಗ್ಲಜಕ್ಕೆ ಹೋದೆವು. ಯಂತ್ರದ ಪೆಟ್ಟಿಗೆಯನ್ನು ಮೇಲಿಡಲು ಕಂಡಕ್ಟರು ಹೇಳಿದ. ಕೇಳದೆ ನಿಪ್ಪಾಣಿಯ ತಿರುವುಗಳಲ್ಲೆಲ್ಲ ಅದನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತಿದ್ದರು. ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಚೀಲ ಸಿದ್ಧವಾಗಿತ್ತು. ಡಾಕ್ಟರು ಕುಳಿತುಕೊಳ್ಳಲೂ ಇಲ್ಲ. ಸಿದ್ರಾಮನಿಗೂ ಬಾಳವ್ವನಿಗೂ ಕೇಳುವಂತೆ, ತಪ್ಪು ನನ್ನದು, ಪರೀಕ್ಷೆ ಮಾಡಿದ ರೀತಿಯೇ ತಪ್ಪು, ಇನ್ನೊಮ್ಮೆ ಮಾಡಗೊಡಬೇಕು ಎಂದು ಕೈಮುಗಿದು ಬೇಡಿದರು. ಈ ಸಲವೂ ಏನೂ ಬರದಿದ್ದರೆ ಅದನ್ನೂ ಹೀಗೆಯೇ ಹೇಳುತ್ತೇನೆ ಎಂದೂ ಸೇರಿಸಿದರು. ಸಿದ್ರಾಮ ನೀರು ಕಾಸಲು ಹೋದ. ಡಾಕ್ಟರು ಭೀಮಗೊಂಡರ ತಲೆ ತೊಳೆದರು, ಒರೆಸಿದರು, ಬಿಲ್ಲೆಗಳನ್ನು ಒಂದೊಂದಾಗಿ ಕೂಡಿಸಿದರು.

ಬಾಳವ್ವನಿಗೆ ಮೈಕು ಕೊಟ್ಟು, ಹೆಸರು ಹಿಡಿಯಬೇಡಿ, ದಿನಾ ಚಹಾಕ್ಕೆ ಹೇಗೆ ಕರೆಯುತ್ತಿದ್ದಿರೋ ಹಾಗೆ ಕರೆಯಿರಿ ಎಂದರು. ಆಕೆ ಮೈಕಿನ ಕಡೆ ನೋಡಲೇ ಇಲ್ಲ. ಅಡಿಗೆಮನೆಯ ಹೊಸ್ತಿಲಿಗೆ ಹೋಗಿ ನಿಂತು, ಅಲ್ಲಿಂದ, ತುಸು ರೇಗಿದ ದನಿಯಲ್ಲಿ, ನಿತ್ಯ ಹೇಳಿ ಹೇಳಿ ಸಾಕಾದವಳಂತೆ ಹೇಳಿದಳು: "ರೀ, ಚಾ ಆರಾಕತ್ತೈತಿ ನೋಡ್ರಿ."

ಆಮೇಲೆ ಆ ಮಾತು, ಒಮ್ಮೆ ಬಾಳವ್ವನ ದನಿಯಲ್ಲಿ, ಒಮ್ಮೆ ನನ್ನ ಹೆಂಡತಿಯ ದನಿಯಲ್ಲಿ, ಭೀಮಗೊಂಡರ ಕಿವಿಗೆ ಮತ್ತೆ ಮತ್ತೆ ಬಿತ್ತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಒಂದು ಎವೆ ಕದಲಲಿಲ್ಲ. ಸಿದ್ರಾಮ ಬಾಗಿಲಿಗೆ ಆತುಕೊಂಡು ನೆಲ ನೋಡುತ್ತಿದ್ದ. ಡಾಕ್ಟರು ಗೆರೆಗಳನ್ನೆಲ್ಲ ಕೂಡಿಸಿ, ಮತ್ತೊಮ್ಮೆ ಮೊದಲಿನಿಂದ ಕೂಡಿಸಿ, ಸಂಶಯ ಉಳಿಯದಂತೆ ಮೂರನೆಯ ಸಲವೂ ಕೂಡಿಸಿದರು. ನನ್ನ ಹೆಂಡತಿಯ ದನಿಗೆ ಗೆರೆ ಸಪಾಟಾಗಿತ್ತು. ಬಾಳವ್ವನ ದನಿಗೆ ಎದ್ದಿತ್ತು. ನನ್ನಂಥ ನೂಲಿನ ವ್ಯಾಪಾರಿಗೂ ಕಾಣುವಂತೆ ಎದ್ದಿತ್ತು.

"ಬಾಳವ್ವಾರ, ನಿಮ್ಮ ದನಿ ಅವರಿಗೆ ಬ್ಯಾರೆ ಐತ್ರಿ."

"ಅಂದ್ರ ನನ್ನ ಮ್ಯಾಲ ಜೀವ ಐತ್ರೇನು?"

ಈಗಲಾದರೂ ಹೌದೆನ್ನಪ್ಪಾ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಎನ್ನಲಿಲ್ಲ. ಅದನ್ನು ಅಳೆಯಲು ಬರುವುದಿಲ್ಲ, ಬೇರೆ ಎಂಬುದಷ್ಟೇ ಗೊತ್ತು ಎಂದರು. ಬಾಳವ್ವ ಗಂಡನ ಹಣೆಗೆ ಅಂಟಿದ್ದ ಪೇಸ್ಟನ್ನು ಸೆರಗಿನಿಂದ ಒರೆಸಿ, "ಬ್ಯಾರೆ ಐತೆಲ್ಲ, ಸಾಕ್ರಿ" ಎಂದಳು. ಅಷ್ಟು ಹೇಳಿ ಅತ್ತಳು, ಅಷ್ಟು ದಿನದ್ದೆಲ್ಲ ಸೇರಿಸಿ ಅತ್ತಳು. ಸಿದ್ರಾಮ ಪಡಸಾಲೆಗೆ ಹೋಗಿ ಚೀಲದೊಳಗಿನ ಬಟ್ಟೆಗಳನ್ನು ತೆಗೆದು ಕಪಾಟಿನಲ್ಲಿ ಇಡತೊಡಗಿದ. ಬೆನ್ನುನೋವಿನ ಮಾತನ್ನು ಅವನು ಆಡಲಿಲ್ಲ. ಹಗಲುಹೊತ್ತಿಗೆ ಆಳೊಬ್ಬನನ್ನು ಗೊತ್ತು ಮಾಡೋಣ ವೈನಿ ಎಂದಷ್ಟೇ ಹೇಳಿದ.

ಹೊತ್ತು ಮುಳುಗುವುದರೊಳಗೆ ಡಾಕ್ಟರಿಗೆ ಊಟವಾಗಬೇಕೆಂದು ಬಾಳವ್ವ ಗಡಿಬಿಡಿಯಿಂದ ರೊಟ್ಟಿ ಬಡಿದಳು. ಬಡಿಸುತ್ತ, ಹಗುರಾದ ಮನಸ್ಸಿನಿಂದ, ಕೆಟ್ಟ ಉದ್ದೇಶವೇನೂ ಇಲ್ಲದೆ ಕೇಳಿದಳು: ಇಷ್ಟು ಮಂದಿಗೆ ಹಚ್ಚುತ್ತೀರಲ್ಲ, ಇದನ್ನು ನಿಮ್ಮ ತಲೆಗೆ ಎಂದಾದರೂ ಹಚ್ಚಿಕೊಂಡು ನೋಡಿದ್ದೀರಾ?

ಡಾಕ್ಟರು ರೊಟ್ಟಿ ಮುರಿಯುತ್ತಿದ್ದರು. "ಕಲಿಯೂ ಮುಂದ ಹಚ್ಚಿಕೊಂಡೀನ್ರಿ. ಈ ಕರಿಯೂ ಪರೀಕ್ಷಾ ಮಾತ್ರ ಮಾಡಿಲ್ಲ. ಇದಕ್ಕ ಎರಡು ದನಿ ಬೇಕ್ರಿ. ಪರಾಯಿ ದನಿ ಬೇಕಾದಷ್ಟು ಅದಾವು."

ಬಾಳವ್ವ ಬಡಿಸುವ ಕೈ ತಡೆದು ನನ್ನ ಕಡೆ ನೋಡಿದಳು. ನಾನು ತಟ್ಟೆ ನೋಡಿದೆ. ಅವರು ಸಾವಕಾಶ ಊಟ ಮುಗಿಸಿ, ವಾಯರುಗಳನ್ನು ಸುತ್ತಿ ಪೆಟ್ಟಿಗೆಗೆ ಸೇರಿಸಿ, ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಇಂಥವರು ಒಂದಿಬ್ಬರು ಎಲ್ಲ ಊರಿನಲ್ಲೂ ಇರುತ್ತಾರೆ. ಮುರಿದ ಸಂಸಾರಗಳನ್ನು ಕೂಡಿಸಿ ಕೊಡುವ ಬ್ರಹ್ಮಚಾರಿ ಮಾಸ್ತರರು, ಕೇರಿಯ ಬಾಣಂತನವನ್ನೆಲ್ಲ ಮಾಡಿ ತನ್ನ ಮನೆಯ ಬೀಗ ತಾನೇ ತೆಗೆದುಕೊಂಡು ಒಳಗೆ ಹೋಗುವ ಸಿಸ್ಟರಬಾಯಿ, ಮಗದುಮ್ ಡಾಕ್ಟರು, ಎಲ್ಲರೂ ಒಂದೇ ಕುಲ. ಯಾರಿಗೆ ಯಾರು ಬೇಕಾದವರು ಎಂಬ ನಮ್ಮ ಮನೆಮನೆಯ ಗುಟ್ಟು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅದನ್ನು ನಮಗೆ ತಿಳಿಸಿಕೊಟ್ಟು, ನಮ್ಮನ್ನು ನಮ್ಮವರ ಬಳಿ ಬಿಟ್ಟು, ಅವರು ಹೊರಟುಹೋಗುತ್ತಾರೆ. ಅವರಿಗೆ ನಾವು ಗೌರವ ಕೊಡುವುದಿಲ್ಲವೆಂದಲ್ಲ, ಧಾರಾಳವಾಗಿ ಕೊಡುತ್ತೇವೆ. ಮುಂದೆ ಡಾಕ್ಟರ್ ಎಂದು, ಹಿಂದೆ ಸಾಹೇಬರೆಂದು ಹಚ್ಚಿ, ಮನೆತನ ಸಮೇತ ಪೂರ್ತಿ ಹೆಸರು ಹಿಡಿದು ಕರೆಯುತ್ತೇವೆ. ಹೆಸರಿಲ್ಲದೆ ಕರೆಯುವಷ್ಟು ಹತ್ತಿರಕ್ಕೆ ಮಾತ್ರ ಯಾರೂ ಹೋಗುವುದಿಲ್ಲ.